ಮೂರು, ನಾಲ್ಕು, ಐದನೇ ತರಗತಿ: ಚೆನ್ನೈಗೆ ಹೊಸದಾಗಿ ಬಂದ ತಂದೆತಾಯಿಗೆ

ಜೂನ್ ಬಂತೆಂದರೆ ನಮ್ಮ ಕನ್ನಡ ಕೂಟಕ್ಕೆ ಹೊಸ ಮುಖಗಳು ಬರುತ್ತವೆ. ಬೆಂಗಳೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನವರು, ಓಎಂಆರ್ ಕಡೆಯ ಕಂಪನಿಗಳಿಗೆ ಸೇರಿದ ಇಂಜಿನಿಯರುಗಳು, ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದ ಕುಟುಂಬಗಳು. ಬಾಡಿಗೆ ಮನೆ, ಗ್ಯಾಸು, ನೀರಿನ ಕ್ಯಾನು ಎಲ್ಲ ಹೇಗೋ ಬೇಗ ಹೊಂದಿಕೊಳ್ಳುತ್ತದೆ. ಮಕ್ಕಳ ಓದು ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಅದರಲ್ಲೂ ಎಂಟರಿಂದ ಹನ್ನೊಂದು ವರ್ಷದೊಳಗಿನ ಮಕ್ಕಳದ್ದು. ಒಂದನೇ ತರಗತಿಗೆ ಸೇರುವ ಮಗು ಎಲ್ಲರ ಜೊತೆಗೇ ಅಕ್ಷರ ತಿದ್ದುತ್ತದೆ. ಹೈಸ್ಕೂಲಿನವರಿಗೆ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಲು ಬರುತ್ತದೆ. ನಡುವಿನವರು ಸುಮ್ಮನಾಗಿಬಿಡುತ್ತಾರೆ. ಈ ಲೇಖನ ಅವರ ತಂದೆತಾಯಿಗಾಗಿ.

ಈ ಮೂರು ವರ್ಷಗಳಲ್ಲಿ ಓದಿನ ಸ್ವರೂಪವೇ ಬದಲಾಗುತ್ತದೆ. ಎರಡನೇ ತರಗತಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ಮೂರರಿಂದ ಮುಂದೆ ಓದಿದ್ದರಿಂದ ವಿಷಯ ಕಲಿಯಬೇಕು. ಗಣಿತದ ಪುಸ್ತಕದಲ್ಲೂ ಸಂಖ್ಯೆಗಳಿಗಿಂತ ವಾಕ್ಯಗಳು ಹೆಚ್ಚಾಗುತ್ತವೆ. ಊರು, ಭಾಷೆ, ಗೆಳೆಯರು ಬದಲಾಗುವ ಹೊತ್ತಿನಲ್ಲೇ ಇದೂ ಬಂದು ಸೇರಿದರೆ ಮಗುವಿನ ಅಂಕ ಸ್ವಲ್ಪ ಇಳಿಯುವುದು ಸಹಜ. ಅದನ್ನು ದಡ್ಡತನ ಎಂದುಕೊಳ್ಳಬೇಡಿ.

ಶಾಲೆ ಯಾವ ಪಠ್ಯಕ್ರಮದ್ದು ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ. ಸಿಬಿಎಸ್‌ಇ ಶಾಲೆಗಳಿಗೆ ಎನ್‌ಸಿಇಆರ್‌ಟಿಯ ಹೊಸ ಪುಸ್ತಕಗಳು ಬಂದಿವೆ: ಮೂರನೇ ತರಗತಿಗೆ 2024ರಲ್ಲಿ, ನಾಲ್ಕು ಮತ್ತು ಐದಕ್ಕೆ 2025ರಲ್ಲಿ. ಅಕ್ಕಪಕ್ಕದವರು ಕೊಡುವ ಹಳೆಯ ಪುಸ್ತಕಗಳು ಈಗ ನಡೆಯುವುದಿಲ್ಲ. ಸಿಬಿಎಸ್‌ಇಯಲ್ಲಿ ವಿಜ್ಞಾನ, ಸಮಾಜ ಎರಡೂ ಸೇರಿ ಪರಿಸರ ಅಧ್ಯಯನದ ಒಂದೇ ಪುಸ್ತಕ. ತಮಿಳುನಾಡಿನ ರಾಜ್ಯ ಪಠ್ಯಕ್ರಮವಾದ ಸಮಚ್ಚೀರ್ ಕಲ್ವಿಯಲ್ಲಿ ಮೂರನೇ ತರಗತಿಯಿಂದಲೇ ವಿಜ್ಞಾನ ಮತ್ತು ಸಮಾಜ ವಿಜ್ಞಾನ ಬೇರೆ ಬೇರೆ. 2012ರಿಂದ ಇಲ್ಲಿ ವರ್ಷವನ್ನು ಮೂರು ಅವಧಿಗಳಾಗಿ ಒಡೆದು, ಅವಧಿಗೊಂದು ಪುಸ್ತಕ ಕೊಡುವ ಪದ್ಧತಿ ತಂದಿದ್ದಾರೆ. ಚೀಲವೂ ಹಗುರ, ನೀವು ಹಿಂದಿನ ಪಾಠ ಹಿಡಿಯುವುದೂ ಸುಲಭ.

ಸರ್ಕಾರಿ ಶಾಲೆಗೆ ಸೇರಿಸಿದವರು 'ಎಣ್ಣುಂ ಎಳುತ್ತುಂ' ಎಂಬ ಮಾತನ್ನು ಕೇಳುತ್ತೀರಿ. ಕೊರೊನಾ ಕಾಲದಲ್ಲಿ ಹಿಂದುಳಿದ ಮಕ್ಕಳಿಗಾಗಿ 2022ರ ಜೂನ್‌ನಲ್ಲಿ ಒಂದರಿಂದ ಮೂರನೇ ತರಗತಿಗೆ ಶುರುವಾದ ಯೋಜನೆ, ಮರುವರ್ಷ ನಾಲ್ಕು-ಐದಕ್ಕೂ ಬಂತು. ಮಕ್ಕಳನ್ನು ಅವರವರ ಕಲಿಕೆಯ ಮಟ್ಟಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂಬ ಗುಂಪುಗಳಲ್ಲಿ ಕೂರಿಸಿ ಕಲಿಸುತ್ತಾರೆ. ನಿಮ್ಮ ಮಗು ತಮಿಳಿನಲ್ಲಿ ಮೊದಲ ಮಟ್ಟದ ಅರುಂಬು ಗುಂಪಿನಲ್ಲಿ ಕೂತರೆ ಅವಮಾನ ಅಂದುಕೊಳ್ಳಬೇಡಿ, ಅಲ್ಲಿಂದಲೇ ಅದಕ್ಕೆ ಅಕ್ಷರ ಸಿಗುವುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಮ್ಮ ನಲಿ-ಕಲಿಯನ್ನು ಕಂಡವರಿಗೆ ಈ ರೀತಿ ಹೊಸದೇನಲ್ಲ. ಬೆಳಿಗ್ಗೆ ಬೇಗ ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ಮಾತು: ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಐದನೇ ತರಗತಿಯವರೆಗೆ ಬೆಳಗಿನ ಉಪಾಹಾರವೂ ಇದೆ.

ಇನ್ನು ತಮಿಳಿನ ವಿಷಯ. ಹೊಸಬರಿಗೆ ಎಲ್ಲಕ್ಕಿಂತ ದೊಡ್ಡ ಆತಂಕ ಇದೇ. 2006ರ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ತಮಿಳು ಕಡ್ಡಾಯ. 2015-16ರಿಂದ ಸಿಬಿಎಸ್‌ಇ ಶಾಲೆಗಳಿಗೂ ಹಂತಹಂತವಾಗಿ ಬಂತು. ತಮಿಳು, ಇಂಗ್ಲಿಷ್ ಬಿಟ್ಟು ಬೇರೆ ಮಾತೃಭಾಷೆಯವರು ತಮ್ಮ ಭಾಷೆಯನ್ನು ಐಚ್ಛಿಕವಾಗಿ ಓದಲು ಅದೇ ಕಾಯ್ದೆ ಅವಕಾಶ ಇಟ್ಟಿದೆ. ಆದರೆ ಶಾಲೆಯಲ್ಲಿ ಕನ್ನಡ ಶಿಕ್ಷಕರು ಇದ್ದರೆ ಮಾತ್ರ ಅದು ಕೈಗೂಡುತ್ತದೆ. ಸೇರಿಸುವ ಮೊದಲೇ ಕೇಳಿಕೊಳ್ಳಿ.

ಮೂರನೇ ತರಗತಿಗೆ ಬಂದ ಮಗುವಿನ ಪಕ್ಕದಲ್ಲಿ ಕೂತವರು ಎಲ್‌ಕೆಜಿಯಿಂದ ತಮಿಳು ಓದಿದವರು. ಹಾಗಾಗಿ ತರಗತಿಯ ಪುಸ್ತಕದಿಂದಲೇ ಶುರುಮಾಡಬೇಡಿ. ಒಂದನೇ ತರಗತಿಯ ತಮಿಳು ಪುಸ್ತಕ ತಂದುಕೊಳ್ಳಿ. ತಮಿಳುನಾಡು ಪಠ್ಯಪುಸ್ತಕ ನಿಗಮದ ಪುಸ್ತಕಗಳನ್ನು ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಕನ್ನಡ ಬರೆಯಲು ಬರುವ ಮಗು ಎಲ್ಲಿ ಎಡವುತ್ತದೆ ಎಂಬುದು ನಮಗೆ ಕೂಟದ ಭಾನುವಾರದ ತರಗತಿಯಲ್ಲಿ ಚೆನ್ನಾಗಿ ಗೊತ್ತಾಗಿದೆ. ಒಂದು, ಕ ಮತ್ತು ಗ, ಟ ಮತ್ತು ಡ, ತ ಮತ್ತು ದ, ಪ ಮತ್ತು ಬ ಇವುಗಳಿಗೆ ತಮಿಳಿನಲ್ಲಿ ಒಂದೊಂದೇ ಅಕ್ಷರ. 'ಪಟಮ್' ಎಂದು ಬರೆದದ್ದನ್ನು 'ಪಡಂ' ಎಂದು ಓದಬೇಕು. ಪದದ ಮೊದಲಲ್ಲಿ ಇದ್ದರೆ ಅಥವಾ ಜೋಡಿಯಾಗಿ ಬಂದರೆ ಸಾಮಾನ್ಯವಾಗಿ ಗಟ್ಟಿ ಉಚ್ಚಾರ, ನಡುವೆ ಬಂದರೆ ಮೆದು. ಈ ಒಂದು ನಿಯಮ ಹೇಳಿಕೊಟ್ಟರೆ ಮಗುವಿನ ಅರ್ಧ ಗೊಂದಲ ಹೋಗುತ್ತದೆ. ಎರಡು, ಒತ್ತಕ್ಷರ ಇಲ್ಲ. ಅಮ್ಮ ಎಂದು ಬರೆಯಲು ಮೊದಲ 'ಮ'ದ ತಲೆಯ ಮೇಲೆ ಚುಕ್ಕಿ ಇಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲೇ ಬರೆಯುತ್ತಾರೆ. ಮೂರು, ಎ, ಏ, ಐ ಸ್ವರಗಳ ಚಿಹ್ನೆ ಅಕ್ಷರದ ಎಡಗಡೆಗೆ ಬರುತ್ತದೆ. ನಮ್ಮ ಮಕ್ಕಳು ಅದನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ ಓದಿಬಿಡುತ್ತಾರೆ. ಇನ್ನು ಮೂರು 'ನ', ಎರಡು 'ರ', ಮೂರು 'ಲ' ಇವೆಲ್ಲ ಬರೆದು ಬರೆದೇ ರೂಢಿಯಾಗಬೇಕು. ಆ ತಪ್ಪುಗಳಿಗೆ ಬೈಯಬೇಡಿ, ತಮಿಳು ಮನೆಯ ಮಕ್ಕಳೂ ಅವನ್ನು ಮಾಡುತ್ತಾರೆ.

ಇಲ್ಲೊಂದು ಎಚ್ಚರಿಕೆ. ಅಪಾರ್ಟ್‌ಮೆಂಟಿನ ಕೆಳಗೆ ಕ್ರಿಕೆಟ್ ಆಡುತ್ತಾ ಮಗು ಕೆಲವೇ ತಿಂಗಳಲ್ಲಿ ತಮಿಳು ಮಾತಾಡಲು ಶುರುಮಾಡುತ್ತದೆ. 'ಇನ್ನೇನು, ತಮಿಳು ಬಂತು' ಎಂದು ನಾವು ಕೈಬಿಡುತ್ತೇವೆ. ಆದರೆ ಆಡುವ ತಮಿಳಿಗೂ ಪುಸ್ತಕದ ತಮಿಳಿಗೂ ಬಹಳ ಅಂತರ. 'ಇರುಕ್ಕು' ಎಂದು ಆಡುವುದು ಪುಸ್ತಕದಲ್ಲಿ 'ಇರುಕ್ಕಿರದು' ಆಗಿರುತ್ತದೆ. ಮಾತು ಬಂದಮೇಲೂ ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿಸುವುದನ್ನು ಬಿಡಬೇಡಿ. ನಿಮಗೆ ತಮಿಳು ಬಾರದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು ಕೇಳಿ. ಮಗು ನಿಮಗೆ ಕಲಿಸಲಿ.

ಗಣಿತದಲ್ಲಿ ಈ ಮೂರು ವರ್ಷ ಬರುವುದು ಇಷ್ಟು: ಸಾವಿರ ದಾಟಿ ಲಕ್ಷದ ಕಡೆಗೆ ಹೋಗುವ ಸ್ಥಾನಬೆಲೆ, ಮಗ್ಗಿ, ಗುಣಾಕಾರ, ಶೇಷ ಉಳಿಯುವ ಭಾಗಾಕಾರ, ಭಿನ್ನರಾಶಿ, ಅಳತೆ, ಗಡಿಯಾರ, ಹಣ, ಸುತ್ತಳತೆ ಮತ್ತು ವಿಸ್ತೀರ್ಣದ ಮೊದಲ ಪಾಠ. ಇವುಗಳಲ್ಲಿ ಮಕ್ಕಳನ್ನು ಹೆಚ್ಚು ಕಾಡುವುದು ಲೆಕ್ಕ ಅಲ್ಲ, ಲೆಕ್ಕದ ಮಾತು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಒಂದು ಪ್ರಶ್ನೆ ತಂದಿದ್ದಳು. 50 ಲಾಡುಗಳನ್ನು ಡಬ್ಬಿಗೆ ಎಂಟರಂತೆ ತುಂಬಿದರೆ ಎಷ್ಟು ಡಬ್ಬಿ ಬೇಕು? ಇಂಗ್ಲಿಷಿನಲ್ಲಿದ್ದ ಆ ಪ್ರಶ್ನೆಗೆ 'ಆರು, ಶೇಷ ಎರಡು' ಎಂದು ಅಂದವಾಗಿ ಬರೆದಿದ್ದಳು. ಭಾಗಾಕಾರದಲ್ಲಿ ಒಂದು ತಪ್ಪಿಲ್ಲ. 'ಉಳಿದ ಎರಡು ಲಾಡು ಎಲ್ಲಿಡ್ತೀಯಾ ಪುಟ್ಟಿ?' ಎಂದು ಕನ್ನಡದಲ್ಲಿ ಕೇಳಿದೆ. ಒಂದು ಕ್ಷಣ ಪುಸ್ತಕ ನೋಡಿದಳು. 'ಅಯ್ಯೋ ಆಂಟಿ, ಇನ್ನೊಂದು ಡಬ್ಬಿ ಬೇಕು!' ಎಂದು ಆರನ್ನು ಹೊಡೆದುಹಾಕಿ ಏಳು ಬರೆದಳು. ಅವಳಿಗೆ ಗಣಿತದ ಟ್ಯೂಷನ್ ಬೇಕಿರಲಿಲ್ಲ. ಪ್ರಶ್ನೆಯನ್ನು ಅವಳ ಮನಸ್ಸಿನ ಭಾಷೆಯಲ್ಲಿ ಒಮ್ಮೆ ಕೇಳುವವರು ಬೇಕಿತ್ತು.

ನಾನು ಹೊಸಬರಿಗೆಲ್ಲ ಒತ್ತಿ ಹೇಳುವುದು ಇದನ್ನೇ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಆದ್ದರಿಂದ ಮನೆಯಲ್ಲಿ ಕನ್ನಡ ಬಿಟ್ಟು ನಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಮಾತಾಡೋಣ ಎಂದು ಕೆಲವರು ನಿರ್ಧರಿಸುತ್ತಾರೆ. ಮಗುವಿಗೆ ಇದು ನಷ್ಟ. ಈ ವಯಸ್ಸಿನಲ್ಲಿ 'ಯಾಕೆ', 'ಹೇಗೆ', 'ಹಾಗಾದರೆ' ಎಂಬ ಯೋಚನೆ ಬಲಿಯಬೇಕು, ಅದು ಬಲಿಯುವುದು ಮಗು ಸಲೀಸಾಗಿ ಆಡುವ ಭಾಷೆಯಲ್ಲಿ. ಒಂದು ಭಾಷೆಯಲ್ಲಿ ಅರ್ಥವಾದ ಭಾಗಾಕಾರವನ್ನು ಇನ್ನೊಂದರಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಗಿಲ್ಲ, ಹೊಸ ಪದಗಳು ಗೊತ್ತಾದರೆ ಸಾಕು. ಪಾಠವನ್ನು ಮಗು ಇಂಗ್ಲಿಷಿನಲ್ಲಿ ಓದಲಿ, ನಿಮಗೆ ಕನ್ನಡದಲ್ಲಿ ಹೇಳಲಿ, ಉತ್ತರವನ್ನು ಮತ್ತೆ ಇಂಗ್ಲಿಷಿನಲ್ಲಿ ಬರೆಯಲಿ.

ಭಿನ್ನರಾಶಿಯಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲವೂ ಇದೆ. ಕಾಲು, ಅರೆ, ಮುಕ್ಕಾಲು ಎಂಬ ನಮ್ಮ ಮಾತು ತಮಿಳಿನಲ್ಲೂ ಹೆಚ್ಚುಕಡಿಮೆ ಹಾಗೇ ಇದೆ: ಕಾಲ್, ಅರೈ, ಮುಕ್ಕಾಲ್. ತರಕಾರಿ ಅಂಗಡಿಗೆ ಮಗುವನ್ನೇ ಕಳಿಸಿ 'ಕಾಲ್ ಕಿಲೋ' ಬೀನ್ಸ್ ತರಿಸಿ. ಎಷ್ಟು ಗ್ರಾಂ ಎಂದು ಕೇಳಿ. ಆವಿನ್ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ಟಿನಿಂದ ಎಷ್ಟು ಲೋಟ ಕಾಫಿ ಆಯಿತು ಎಂದು ಅಳೆಯಲಿ. ನೀರಿನ ಕ್ಯಾನು 20 ಲೀಟರ್, ಮನೆಯವರು ದಿನಕ್ಕೆ ಆರು ಲೀಟರ್ ಕುಡಿದರೆ ಎಷ್ಟನೇ ದಿನ ಹೊಸ ಕ್ಯಾನಿಗೆ ಫೋನ್ ಮಾಡಬೇಕು? ಶೇಷ ಅಂದರೇನು ಎಂಬುದು ಇದರಲ್ಲೇ ಇದೆ. ಮಗ್ಗಿಯನ್ನು ಕನ್ನಡದಲ್ಲೇ ಹೇಳಿಸಿ, ತೊಂದರೆಯೇನೂ ಇಲ್ಲ. ಆದರೆ ಕಳೆಯುವ, ಭಾಗಿಸುವ ಕ್ರಮವನ್ನು ಮಾತ್ರ ಶಾಲೆಯಲ್ಲಿ ಹೇಳಿಕೊಟ್ಟಂತೆಯೇ ಬಿಡಿ. ನಮ್ಮ ಕಾಲದ ಅಡ್ಡದಾರಿಗಳನ್ನು ತುರುಕಿದರೆ ಮಗು ಎರಡೂ ಕಡೆ ಸಲ್ಲದಂತಾಗುತ್ತದೆ.

ಪರಿಸರ ಅಧ್ಯಯನಕ್ಕೆ ಊರು ಬದಲಾದದ್ದೇ ದೊಡ್ಡ ಪಾಠ. ಊರಿನಲ್ಲಿ ಶಾಲೆ ತೆರೆಯುವಾಗಲೇ ಮಳೆ ಶುರು. ಇಲ್ಲಿ ಜೂನ್ ಅಂದರೆ ಉರಿಬಿಸಿಲು, ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಯಾಕೆ ಹೀಗೆ ಎಂದು ಮಗುವಿನ ಜೊತೆ ನಕಾಶೆ ಹರಡಿ ಕೂತುಕೊಳ್ಳಿ. ಅದೇ ನಕಾಶೆಯಲ್ಲಿ ಕಾವೇರಿಯನ್ನೂ ತೋರಿಸಿ. ತಲಕಾವೇರಿ, ಕೆಆರ್‌ಎಸ್, ಮೆಟ್ಟೂರು ದಾಟಿ ಬಂದ ನೀರು ಕೊಳ್ಳಿಡಂ ನದಿಯ ಕೆಳ ಅಣೆಕಟ್ಟಿನಿಂದ ವಡವಾರ್ ಕಾಲುವೆ ಹಿಡಿದು ಕಡಲೂರು ಜಿಲ್ಲೆಯ ವೀರಾಣಂ ಕೆರೆ ಸೇರುತ್ತದೆ. ಅಲ್ಲಿಂದ 200 ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ 2004ರಿಂದ ಚೆನ್ನೈಗೆ ಬರುತ್ತಿದೆ. ಕೊಡಗಿನಲ್ಲಿ ಹುಟ್ಟಿದ ನೀರು ಈ ನಗರದ ನಲ್ಲಿಗೂ ಬರುತ್ತದೆ ಎಂದು ತಿಳಿದ ಮಗು, ನದಿ, ಅಣೆಕಟ್ಟು, ಕುಡಿಯುವ ನೀರು ಎಂಬ ಮೂರು ಪಾಠಗಳನ್ನು ಒಟ್ಟಿಗೇ ಕಲಿತಂತಾಯಿತು. 2019ರ ಬೇಸಿಗೆಯಲ್ಲಿ ಚೆಂಬರಂಬಾಕ್ಕಂ, ಪುಳಲ್ ಕೆರೆಗಳು ಒಣಗಿ ನಗರವೇ ಟ್ಯಾಂಕರಿಗೆ ಕೈಚಾಚಿದ್ದನ್ನೂ ಹೇಳಿ. ಪಳ್ಳಿಕ್ಕರಣೈ ಜೌಗು ಪ್ರದೇಶದಲ್ಲಿ ಹಕ್ಕಿಗಳನ್ನು ತೋರಿಸಿ. ಜನವರಿಯಿಂದ ಮಾರ್ಚಿನವರೆಗೆ ಬೆಸೆಂಟ್ ನಗರದ ಕಡಲತೀರದಲ್ಲಿ ಆಮೆಗಳ ಮೊಟ್ಟೆ ಕಾಪಾಡಲು ರಾತ್ರಿ ನಡೆಯುವ ಸ್ವಯಂಸೇವಕರ ಜೊತೆ ಒಮ್ಮೆ ಹೋಗಿಬನ್ನಿ.

ಕನ್ನಡ ಓದು-ಬರಹವನ್ನು ಶಾಲೆ ನೋಡಿಕೊಳ್ಳುವುದಿಲ್ಲ, ಅದು ನಮ್ಮದೇ ಜವಾಬ್ದಾರಿ. ಎರಡು ವರ್ಷ ಬಿಟ್ಟರೆ ಒತ್ತಕ್ಷರಗಳು ಮರೆತುಹೋಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಕಥೆಗಳು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಉಚಿತವಾಗಿ ಸಿಗುತ್ತವೆ. ಕಥೆಯನ್ನು ಮೊದಲು ಕನ್ನಡದಲ್ಲಿ ಓದಿಸಿ. ಆಮೇಲೆ ಅದೇ ಚಿತ್ರಗಳ ತಮಿಳು ಪುಟಕ್ಕೆ ಹೋದರೆ ಮಗು ಹೆದರದೆ ಓದುತ್ತದೆ. ಕೊಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಮಕ್ಕಳ ವಿಭಾಗಕ್ಕೂ ರಜೆಯ ದಿನ ಕರೆದುಕೊಂಡು ಹೋಗಿ. ಅಜ್ಜಿ-ತಾತನಿಗೆ ವಾರಕ್ಕೊಂದು ಕನ್ನಡ ಪತ್ರ ಬರೆಸಿ, ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದರೂ ಆಯಿತು.

ಕೊನೆಗೆ, ಶಾಲೆಯ ಮಿಸ್‌ ಅವರನ್ನು ಭೇಟಿ ಮಾಡಲು ಪರೀಕ್ಷೆಯ ಫಲಿತಾಂಶದವರೆಗೆ ಕಾಯಬೇಡಿ. ಸೇರಿದ ಮೊದಲ ತಿಂಗಳಲ್ಲೇ ಹೋಗಿ, 'ನಮ್ಮದು ಕನ್ನಡ ಮನೆ, ಮಗುವಿಗೆ ತಮಿಳು ಅಕ್ಷರ ಹೊಸದು, ಲೆಕ್ಕದ ಪ್ರಶ್ನೆಯನ್ನು ಒಮ್ಮೆ ಓದಿ ಹೇಳಿ' ಎಂದು ಕೇಳಿಕೊಳ್ಳಿ. ಇಲ್ಲಿಯ ಶಿಕ್ಷಕಿಯರು ಇಂಥ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ತಮಿಳು ಬಾರದವರು ಒಬ್ಬರೇ ಹೋಗಲು ಸಂಕೋಚಪಟ್ಟರೆ ಕೂಟಕ್ಕೆ ತಿಳಿಸಿ, ನಮ್ಮಲ್ಲಿ ಯಾರಾದರೊಬ್ಬರು ಜೊತೆಗೆ ಬರುತ್ತೇವೆ. ಭಾನುವಾರದ ತರಗತಿಗೆ ಬರುವಾಗ ಮಗುವಿನ ಕನ್ನಡ ಪುಸ್ತಕದ ಜೊತೆ ತಮಿಳು ಮತ್ತು ಗಣಿತದ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿ ಕಳಿಸಿ.