ಯಾರು ಹೇಳಿದ ಮಾತು? — ಪರಿಸರ ಫಲಕಕ್ಕೊಂದು ಲಾಂಛನ

ನೀರಿನಲ್ಲಿ ಕರಗಿರುವ ಫ್ಲೋರೈಡಿಗೆ ಬಣ್ಣವಿಲ್ಲ. ಕುಡಿಯುವ ನೀರಿನಲ್ಲಿ ಕಂಡುಬರುವಷ್ಟು ಪ್ರಮಾಣಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಲೀಟರಿಗೆ ೧ ಮಿಲಿಗ್ರಾಮಿನೊಳಗಿರುವುದು ಒಳ್ಳೆಯದೆಂದೂ, ಬೇರೆ ನೀರು ದೊರೆಯದಿದ್ದಲ್ಲಿ ೧.೫ ಮಿಲಿಗ್ರಾಮಿನವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಇನ್ನೂ ಹೆಚ್ಚಾದರೆ ಮೂಳೆಗಳೇ ಕೆಡುತ್ತವೆ. ನಾಲಗೆಯಾಗಲಿ ಕಣ್ಣಾಗಲಿ ಎಚ್ಚರಿಸಲಾರದ ಈ ಸಂಗತಿಯನ್ನು ಕೊಳವೆಬಾವಿಯ ಪಕ್ಕದ ಫಲಕವು ನಮಗೆ ಹೇಳಬೇಕು. ಆದರೆ ಆ ಫಲಕವನ್ನು ನಿಲ್ಲಿಸಿದವರು ಯಾರು? ಗ್ರಾಮ ಪಂಚಾಯಿತಿಯವರೋ, ನೀರು ಶೋಧಿಸುವ ಯಂತ್ರವನ್ನು ಮಾರುವ ವ್ಯಾಪಾರಿಯೋ? ಇದನ್ನು ಒಂದೇ ನೋಟಕ್ಕೆ ತಿಳಿಸುವುದೇ ಲಾಂಛನದ ಕೆಲಸ.

ಹಾಸನಕ್ಕೆ ಸಮೀಪದ ಸಾಲಗಾಮೆಯಂಥ ಊರಿನ ಪಂಚಾಯಿತಿಯು ನೀರು, ಕಸ, ಕೆರೆ ಮುಂತಾದುವನ್ನು ಕುರಿತ ತನ್ನ ಪ್ರಕಟಣೆಗಳಿಗೆಲ್ಲ ಒಂದು ಲಾಂಛನವನ್ನು ಆರಿಸಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಇದು ಚಿತ್ರಗಾರನಿಗೆ ಸೇರಿದ್ದು, ಭೌತವಿಜ್ಞಾನಕ್ಕೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಮೊದಲ ಲೆಕ್ಕವೇ ಭೌತವಿಜ್ಞಾನದ್ದು.

ಆರೋಗ್ಯವಾದ ಕಣ್ಣು ಎರಡು ಗೆರೆಗಳನ್ನು ಬೇರೆಬೇರೆಯೆಂದು ಗುರುತಿಸಬೇಕಾದರೆ, ಅವುಗಳ ನಡುವಣ ಅಂತರವು ಕಣ್ಣಿನಲ್ಲಿ ಸುಮಾರು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟಾದರೂ ಕೋನವನ್ನು ಉಂಟುಮಾಡಬೇಕು. ಈ ಕೋನವು ರೇಡಿಯನ್ನಿನಲ್ಲಿ ೧/೩೪೩೮. ರಸ್ತೆಯ ಆಚೆಯಿಂದ, ಎಂದರೆ ೨೦ ಮೀಟರು ದೂರದಿಂದ ನೋಡುವವನಿಗೆ ಇದು ೨೦,೦೦೦ ÷ ೩೪೩೮, ಸುಮಾರು ೬ ಮಿಲಿಮೀಟರು. ಎಲ್ಲರ ಕಣ್ಣೂ ಅಷ್ಟು ಚುರುಕಲ್ಲವಾದುದರಿಂದ ಇದನ್ನು ಇಮ್ಮಡಿಸಿ ೧೨ ಮಿಲಿಮೀಟರೆಂದು ಹಿಡಿಯೋಣ. ಗೆರೆಯೂ ತೆರಪೂ ಸೇರಿ ಐದೇ ಭಾಗಗಳಿರುವ ಸರಳ ಚಿಹ್ನೆಗೆ ೬ ಸೆಂಟಿಮೀಟರು ಎತ್ತರ ಸಾಕಾಯಿತು. ಹಾಸನ ಜಿಲ್ಲೆಯಲ್ಲಿ ಲಾಂಛನವೆಂದೊಡನೆ ಬೇಲೂರಿನ ಸಳನೂ ಸಿಂಹವೂ ಎಲ್ಲರಿಗೂ ನೆನಪಾಗುವುದು ಸಹಜ. ಆ ಶಿಲ್ಪದ ಸೊಬಗನ್ನು ಐವತ್ತು ಭಾಗಗಳಲ್ಲಿ ಹಿಡಿದಿಡುವುದಾದರೂ ೬೦ ಸೆಂಟಿಮೀಟರು ಬೇಕಾಗುತ್ತದೆ. ಕರಪತ್ರದ ಮೂಲೆಯಲ್ಲಿ ಅದು ಬರಿಯ ಮಸಿಯ ಚುಕ್ಕೆ.

ಇನ್ನು ಬಣ್ಣ. ಪರಿಸರವೆಂದರೆ ಹಸುರೆಂದು ಎಲ್ಲರ ಎಣಿಕೆ. ಆದರೆ ನಮ್ಮ ದೇಶದಲ್ಲಿ ಚೌಕದೊಳಗಿನ ಹಸುರು ಚುಕ್ಕೆಯು ಸಸ್ಯಾಹಾರದ ಗುರುತು. ಮೇಲಾಗಿ ಕೆಂಪು ಹಸುರುಗಳ ಭೇದ ಸರಿಯಾಗಿ ತಿಳಿಯದ ಗಂಡಸರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಮಾಂಸಾಹಾರದ ಪೊಟ್ಟಣಗಳಿಗೆ ಮೊದಲು ಕಂದು ಚುಕ್ಕೆಯಿದ್ದಿತು. ೨೦೨೦ರ ನಿಯಮಾವಳಿಯು ಅದನ್ನು ತ್ರಿಕೋನವಾಗಿ ಮಾರ್ಪಡಿಸಿತು. ಬಣ್ಣ ತಿಳಿಯದವನೂ ಈಗ ಆಕಾರದಿಂದ ತಿಳಿಯಬಲ್ಲ. ಆದುದರಿಂದ ನಮ್ಮ ಲಾಂಛನವು ಕಪ್ಪು ಬಿಳುಪಿನಲ್ಲಿಯೇ ಗೆಲ್ಲತಕ್ಕದ್ದು. ಪಂಚಾಯಿತಿಯ ನಕಲು ಯಂತ್ರದಲ್ಲಿ ಬಣ್ಣ ಬರುವುದಾದರೂ ಎಲ್ಲಿ!

ಇದೆಲ್ಲಕ್ಕಿಂತ ಕಠಿನವಾದುದು ಅರ್ಥದ ಪ್ರಶ್ನೆ. ೧೯೭೦ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ಅಮೆರಿಕದ ವಿದ್ಯಾರ್ಥಿಯು ಒಂದು ಸ್ಪರ್ಧೆಗಾಗಿ, ಒಂದನ್ನೊಂದು ಅಟ್ಟಿಕೊಂಡು ಹೋಗುವ ಮೂರು ಬಾಣಗಳ ಚಿಹ್ನೆಯನ್ನು ಬರೆದನು. ಕಾಗದದ ಪಟ್ಟಿಗೆ ಅರೆಸುತ್ತು ಕೊಟ್ಟು ತುದಿಗಳನ್ನು ಅಂಟಿಸಿದರೆ ಒಂದೇ ಮೈಯುಳ್ಳ ಮೋಬಿಯಸ್ ಪಟ್ಟಿಯಾಗುತ್ತದಷ್ಟೆ; ಅದೇ ಇದಕ್ಕೆ ಮೂಲ. ಮರುಬಳಕೆಯನ್ನು ಸೂಚಿಸಲು ಇದಕ್ಕಿಂತ ಚೆಲುವಾದ ಗುರುತು ಹುಟ್ಟಿಲ್ಲವೆಂದು ನಮ್ಮ ಅಭಿಪ್ರಾಯ. ಆದರೆ ೧೯೮೮ರಲ್ಲಿ ಅಲ್ಲಿನ ಪ್ಲಾಸ್ಟಿಕ್ ಉದ್ಯಮದ ಸಂಘವು ಬಾಣಗಳ ತ್ರಿಕೋನದೊಳಗೆ ೧ರಿಂದ ೭ರವರೆಗಿನ ಅಂಕಿಗಳನ್ನಿಟ್ಟು ಪ್ಲಾಸ್ಟಿಕ್ಕಿನ ಜಾತಿಯನ್ನು ಸೂಚಿಸಲು ಬಳಸಿತು. ‘ಇದು ಇಂಥ ಪದಾರ್ಥ’ ಎಂಬುದಷ್ಟೇ ಅದರ ಅರ್ಥ. ‘ಇದು ಮರುಬಳಕೆಯಾಗುತ್ತದೆ’ ಎಂದು ಜನ ಓದಿಕೊಂಡರು. ೨೦೧೩ರಲ್ಲಿ ಮಾನಕವನ್ನು ತಿದ್ದಿ ಬಾಣಗಳಿಗೆ ಬದಲಾಗಿ ಬರಿಯ ತ್ರಿಕೋನವನ್ನಿಟ್ಟರು.

ಫಲಕದ ಲಾಂಛನಕ್ಕೂ ಇದೇ ಅಪಾಯ ಕಾದಿದೆ. ನೀರು ಕೆಟ್ಟಿದೆಯೆಂದು ಸಾರುವ ಫಲಕದ ಮೇಲೂ ಅದು ಇರಲೇಬೇಕು. ಅಲ್ಲಿ ನಗುವ ಎಲೆಯನ್ನೋ ತುಂಬಿದ ಕೊಡವನ್ನೋ ಬರೆದರೆ, ಅಕ್ಷರ ಬಾರದ ಮುದುಕಿ ಅದನ್ನೇ ನಂಬಿ ನೀರು ತುಂಬಿಕೊಂಡು ಹೋದಾಳು. ೧೯೯೧ರಲ್ಲಿ ಭಾರತ ಸರ್ಕಾರವು ‘ಇಕೋಮಾರ್ಕ್’ ಯೋಜನೆಗೆ ಮಣ್ಣಿನ ಮಡಕೆಯನ್ನು ಆರಿಸಿದ್ದು ಸೊಗಸಾದ ಆಯ್ಕೆಯೇ ಸರಿ. ಆದರೆ ಅದು ಸರಕು ಒಳ್ಳೆಯದೆಂದು ಹೊಗಳುವ ಗುರುತು. ನಮ್ಮದು ‘ಹೇಳಿದವರು ಇವರು’ ಎಂದಷ್ಟೇ ಹೇಳಬೇಕು. ನೀರಿನ ಗುಣವನ್ನು ತಿಳಿಸಲು ಅದರ ಪಕ್ಕದಲ್ಲಿ ಬೇರೆಯೇ ಗುರುತಿರಲಿ.

ಹಾಗಾದರೆ ಆರಿಸುವ ಬಗೆ ಹೇಗೆ? ೧೯೬೬ರಲ್ಲಿ ಚಾರ್ಲ್ಸ್ ಬಾಲ್ಡ್‌ವಿನ್ನನೂ ಅವನ ಸಂಗಡಿಗರೂ ಜೈವಿಕ ಅಪಾಯದ ಚಿಹ್ನೆಯನ್ನು ಗೊತ್ತುಮಾಡಿದ ಕ್ರಮ ಇಲ್ಲಿಯೂ ಸಲ್ಲುತ್ತದೆ. ಹೊಸ ಚಿಹ್ನೆಗಳನ್ನು ಪರಿಚಿತ ಚಿಹ್ನೆಗಳೊಡನೆ ಬೆರೆಸಿ ಜನರಿಗೆ ತೋರಿಸಿ, ಪ್ರತಿಯೊಂದರ ಅರ್ಥವೇನಿರಬಹುದೆಂದು ಕೇಳಿದರು. ವಾರದ ಮೇಲೆ ಮತ್ತೆ ಕರೆದು, ಮೊದಲು ಕಂಡವು ಯಾವುವೆಂದು ಕೇಳಿದರು. ಅರ್ಥವನ್ನು ಅತಿ ಕಡಮೆ ಊಹಿಸಿದ, ಆದರೆ ಅತಿ ಹೆಚ್ಚು ನೆನಪಿನಲ್ಲುಳಿದ ಚಿಹ್ನೆ ಗೆದ್ದಿತು. ಸಂತೆಯ ದಿನ ಹತ್ತು ರಟ್ಟುಗಳನ್ನು ಹಿಡಿದು ನಿಂತರೆ ಯಾವ ಕಾಲೇಜಿನ ವಿದ್ಯಾರ್ಥಿಗಳಾದರೂ ಈ ಪರೀಕ್ಷೆಯನ್ನು ನಡೆಸಬಹುದು. ಮುಂದಿನ ಸಂತೆಗೆ ಅದೇ ಜನ ಮತ್ತೆ ಬರುತ್ತಾರೆ.