ಗಡಿಯಾರ, ಗಾಳಿ ಮತ್ತು ಇಪ್ಪತ್ತು ಕಿಲೋಮೀಟರ್: ಒಂದು ಟೈಂ ಟ್ರಯಲ್ ಋತುವಿನ ಪಾಠ



ಸೈಕಲ್ ಪಂದ್ಯ ಎಂದ ಕೂಡಲೇ ಗುಂಪಾಗಿ ನುಗ್ಗುವ ಸವಾರರು ಕಣ್ಣ ಮುಂದೆ ಬರುತ್ತಾರೆ. ಟೈಂ ಟ್ರಯಲ್ ಹಾಗಲ್ಲ. ಇಲ್ಲಿ ಒಬ್ಬೊಬ್ಬರೇ ಹೊರಡುತ್ತಾರೆ. ಒಬ್ಬರು ಹೊರಟು ಒಂದು ನಿಮಿಷವೋ ಎರಡು ನಿಮಿಷವೋ ಆದ ಮೇಲೆ ಇನ್ನೊಬ್ಬರು. ಮುಂದಿನವರ ಬೆನ್ನ ಹಿಂದೆ ಸೇರಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಗೊತ್ತುಪಡಿಸಿದ ದೂರವನ್ನು ಕಡಿಮೆ ಸಮಯದಲ್ಲಿ ಮುಗಿಸಿದವರು ಗೆದ್ದಂತೆ. ಎದುರಾಳಿ ಗಡಿಯಾರ ಒಂದೇ.

ಈ ಬಗೆಯ ಪಂದ್ಯ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಸಾರ್ವಜನಿಕ ರಸ್ತೆಯಲ್ಲಿ ಗುಂಪು ಪಂದ್ಯ ನಡೆಸಿದರೆ ಪೊಲೀಸರು ತಡೆಯುತ್ತಿದ್ದ ಕಾಲ ಅದು. ಎಫ್. ಟಿ. ಬಿಡ್ಲೇಕ್ ಎಂಬವರು ಸವಾರರನ್ನು ಬೇರೆ ಬೇರೆಯಾಗಿ ಬಿಡುವ ಉಪಾಯ ಕಂಡುಕೊಂಡರು. 1895ರ ಅಕ್ಟೋಬರ್ 5ರಂದು 50 ಮೈಲಿಗಳ ಮೊದಲ ಟೈಂ ಟ್ರಯಲ್ ನಡೆಯಿತು. ನಮ್ಮ ಕರ್ನಾಟಕದಲ್ಲಿ ಸೈಕಲ್ ಎಂದರೆ ವಿಜಯಪುರ, ಬಾಗಲಕೋಟೆಗಳ ಹೆಸರು ಮೊದಲು ಬರುತ್ತದೆ. ಅಲ್ಲಿ ಸೈಕ್ಲಿಂಗ್ ಕಲಿಯುವ ಮಕ್ಕಳಿಗೆ ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ. ಬೆಂಗಳೂರಿನ ನವೀನ್ ಜಾನ್ ಎಂಜಿನಿಯರಿಂಗ್ ಓದುವ ದಿನಗಳಲ್ಲಿ ಸೈಕಲ್ ಹಿಡಿದವರು. ಹವ್ಯಾಸವಾಗಿ ಶುರುವಾದದ್ದು ಅವರನ್ನು ಟೈಂ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಮಾಡಿತು. 2016ರಲ್ಲಿ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಟೈಂ ಟ್ರಯಲ್‌ವರೆಗೂ ಕರೆದುಕೊಂಡು ಹೋಯಿತು.

ನಾನು ಅಂಥ ಸವಾರನಲ್ಲ. ಪಾಠ ಹೇಳುವ ಕೆಲಸದ ನಡುವೆ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತುವವನು. ಕಳೆದ ನವೆಂಬರ್‌ನಿಂದ ಫೆಬ್ರವರಿವರೆಗೆ ಒಂದೇ ದಾರಿಯಲ್ಲಿ, ಒಂದೇ ದೂರವನ್ನು ಮತ್ತೆ ಮತ್ತೆ ಕ್ರಮಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆ ನೋಟ್‌ಬುಕ್ಕಿನ ಮೂರು ಪುಟಗಳೇ ಈ ಪಾಠದ ಸಾಮಗ್ರಿ.

ದಾರಿ ಮತ್ತು ನಿಯಮ

ವಡ್ಡಿನ ಕಡೆಯಿಂದ ಹಳ್ಳಿಗಳ ನಡುವೆ ಹೋಗುವ ಒಳರಸ್ತೆ. ಸಂಡೂರಿನ ಗುಡ್ಡಗಳ ಕಡೆಗೆ ತಿರುಗದೆ, ಆದಷ್ಟು ಸಮತಟ್ಟಾದ ನೆಲವನ್ನೇ ಆರಿಸಿಕೊಂಡದ್ದು. ಮೂಡಣಕ್ಕೆ 10 ಕಿ.ಮೀ. ಹೋಗುವುದು, ಗುರುತಿನ ಕಲ್ಲಿನ ಹತ್ತಿರ ತಿರುಗಿ ಅದೇ ದಾರಿಯಲ್ಲಿ ವಾಪಸ್ 10 ಕಿ.ಮೀ. ಫಜ್ರ್ ನಮಾಝ್ ಮುಗಿದು ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡುವುದು. ಪ್ರತಿ ಸಲವೂ ಅದೇ ಸೈಕಲ್, ಚಕ್ರಕ್ಕೆ ಅಷ್ಟೇ ಗಾಳಿ. ಹೋದ ಸಮಯ ಬೇರೆ, ಬಂದ ಸಮಯ ಬೇರೆ ಬರೆಯುವುದು. ಈ ಕೊನೆಯ ನಿಯಮ ಎಷ್ಟು ಮುಖ್ಯವೆಂಬುದು ಮುಂದೆ ಗೊತ್ತಾಗುತ್ತದೆ.

ಮೂರು ಭಾನುವಾರಗಳ ಲೆಕ್ಕ ಹೀಗಿದೆ.

ನವೆಂಬರ್, ಗಾಳಿ ಇಲ್ಲ: ಹೋಗಲು 22 ನಿಮಿಷ 5 ಸೆಕೆಂಡ್, ಬರಲು 22 ನಿಮಿಷ. ಒಟ್ಟು 44 ನಿಮಿಷ 5 ಸೆಕೆಂಡ್.

ಡಿಸೆಂಬರ್, ಮೂಡಣ ಗಾಳಿ: ಹೋಗಲು 25 ನಿಮಿಷ 17 ಸೆಕೆಂಡ್, ಬರಲು 17 ನಿಮಿಷ 28 ಸೆಕೆಂಡ್. ಒಟ್ಟು 42 ನಿಮಿಷ 45 ಸೆಕೆಂಡ್.

ಜನವರಿ, ಗಾಳಿ ಇಲ್ಲ: ಹೋಗಲು 20 ನಿಮಿಷ 50 ಸೆಕೆಂಡ್, ಬರಲು 20 ನಿಮಿಷ 45 ಸೆಕೆಂಡ್. ಒಟ್ಟು 41 ನಿಮಿಷ 35 ಸೆಕೆಂಡ್.

ಒಟ್ಟು ಸಮಯವನ್ನಷ್ಟೇ ನೋಡಿದರೆ ಕಥೆ ಸರಳ. ಮೊದಲು 1 ನಿಮಿಷ 20 ಸೆಕೆಂಡ್ ಇಳಿಯಿತು, ಆಮೇಲೆ 1 ನಿಮಿಷ 10 ಸೆಕೆಂಡ್ ಇಳಿಯಿತು. ಒಂದೇ ಸಮನೆ ಪ್ರಗತಿ. ಈ ಕಥೆ ನಿಜವೇ?

ಜೊತೆಗಾರನ ಪ್ರಶ್ನೆ

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಜೊತೆಗೆ ಸೈಕಲ್ ಹೊಡೆಯುತ್ತಿದ್ದ ಒಬ್ಬ ದ್ವಿತೀಯ ಪಿಯುಸಿ ವಿದ್ಯಾರ್ಥಿಯಿಂದ. ಅವನದು ಗೇರ್ ಇಲ್ಲದ ಹಳೆಯ ಸೈಕಲ್. ನನಗಿಂತ ಒಂದು ನಿಮಿಷ ಮೊದಲು ಹೊರಡುತ್ತಿದ್ದ. ನವೆಂಬರ್‌ನ ಅದೇ ಭಾನುವಾರ ಅವನ ಸಮಯ 51 ನಿಮಿಷ 20 ಸೆಕೆಂಡ್. ಆರು ವಾರ ಬಿಡದೆ ತುಳಿದ ಮೇಲೆ ಡಿಸೆಂಬರ್‌ನ ಆ ಭಾನುವಾರ 51 ನಿಮಿಷ 52 ಸೆಕೆಂಡ್. ಕಡಿಮೆಯಾಗುವ ಬದಲು 32 ಸೆಕೆಂಡ್ ಹೆಚ್ಚು.

"ಎಷ್ಟು ತುಳಿದ್ರೂ ಅಷ್ಟೇ ಐತ್ರಿ ಸರ್. ನಿಮ್ದು ಕಡಿಮಿ ಆಗ್ಯದ, ನಂದು ಜಾಸ್ತಿ ಆಗ್ಯದ. ನನ್ನ ಕೈಲೆ ಆಗಂಗಿಲ್ಲ ಬಿಡ್ರಿ" ಎಂದ.

ಸಮಾಧಾನದ ಮಾತು ಹೇಳುವುದು ಸುಲಭವಿತ್ತು. ಆದರೆ ಅವನು ಸಂಖ್ಯೆ ಮುಂದಿಟ್ಟು ಮಾತಾಡಿದ್ದ. ಉತ್ತರವೂ ಸಂಖ್ಯೆಯಲ್ಲೇ ಇರಬೇಕಿತ್ತು. ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಗಾಳಿ ಹೋಗುವಾಗ ಕಸಿದದ್ದನ್ನು ಬರುವಾಗ ಪೂರ್ತಿ ಕೊಡುವುದಿಲ್ಲ

ಮೊದಲು ಬರುವ ಅನುಮಾನ ಇದು: ಹೋಗುವಾಗ ಎದುರು ಗಾಳಿ ಇದ್ದರೆ ಬರುವಾಗ ಬೆನ್ನ ಗಾಳಿ ಇರುತ್ತದೆ. ಎರಡೂ ಸಮನಾಗಿ ಹೋಗಬೇಕಲ್ಲವೇ?

ಹೋಗುವುದಿಲ್ಲ. ಸುಲಭದ ಉದಾಹರಣೆ ನೋಡಿ. 20 ಕಿ.ಮೀ. ದಾರಿಯನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ 40 ನಿಮಿಷ ಬೇಕು. ಈಗ ಮೊದಲ 10 ಕಿ.ಮೀ.ಯನ್ನು 25ರ ವೇಗದಲ್ಲಿ, ಉಳಿದ 10 ಕಿ.ಮೀ.ಯನ್ನು 35ರ ವೇಗದಲ್ಲಿ ಹೋಗೋಣ. 25 ಮತ್ತು 35ರ ಸರಾಸರಿ 30 ತಾನೇ ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಮೊದಲರ್ಧಕ್ಕೆ 24 ನಿಮಿಷ, ಎರಡನೆಯದಕ್ಕೆ 17 ನಿಮಿಷ 9 ಸೆಕೆಂಡ್. ಒಟ್ಟು 41 ನಿಮಿಷ 9 ಸೆಕೆಂಡ್. ಕಾರಣ ಸ್ಪಷ್ಟ: ನಿಧಾನದ ವೇಗದಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ, ಜೋರು ವೇಗದಲ್ಲಿ ಕಡಿಮೆ ಹೊತ್ತು. ಸರಾಸರಿ ವೇಗ ಎಂದರೆ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದ್ದು. ವೇಗಗಳನ್ನು ಕೂಡಿಸಿ ಎರಡರಿಂದ ಭಾಗಿಸಿದ್ದಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಈ ಪ್ರಶ್ನೆ ಎಷ್ಟು ಸಲ ಬಂದರೂ ಎಡವುವವರಿದ್ದಾರೆ.

ಹಾಗಾಗಿ ಗಾಳಿ ಬೀಸುವ ದಿನ, ಹೋಗಿ ಬರುವ ದಾರಿಯಲ್ಲಿ ಸವಾರ ಯಾವಾಗಲೂ ಕಳೆದುಕೊಳ್ಳುತ್ತಾನೆ. ಎಷ್ಟು ಕಳೆದುಕೊಂಡ ಎಂಬುದೇ ಮುಂದಿನ ಪ್ರಶ್ನೆ.

ಗಾಳಿಯ ವೇಗವನ್ನು ಗಡಿಯಾರದಿಂದಲೇ ತಿಳಿಯುವುದು

ಸಮತಟ್ಟಾದ ರಸ್ತೆಯಲ್ಲಿ ಈ ವೇಗಗಳಲ್ಲಿ ಹೋಗುವಾಗ ಸವಾರನ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ಗಾಳಿಯ ತಡೆ, ಗಾಳಿಗೆ ಹೋಲಿಸಿದಾಗ ನಮ್ಮ ವೇಗ ಎಷ್ಟೋ ಅದರ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಾಮರ್ಥ್ಯ ಎಂದರೆ ಆ ತಡೆಯನ್ನು ರಸ್ತೆಯ ಮೇಲಿನ ವೇಗದಿಂದ ಗುಣಿಸಿದ್ದು. ಗಾಳಿ ಇಲ್ಲದ ದಿನ ಎರಡು ವೇಗವೂ ಒಂದೇ, ಆದ್ದರಿಂದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣ. ಅಂದರೆ ವೇಗವನ್ನು ಬರೀ 10 ಶೇಕಡಾ ಹೆಚ್ಚಿಸಲು 33 ಶೇಕಡಾ ಹೆಚ್ಚು ಸಾಮರ್ಥ್ಯ ಬೇಕು. ಗಂಟೆಗೆ ಒಂದೆರಡು ಕಿ.ಮೀ. ಹೆಚ್ಚಿಸುವುದಕ್ಕೂ ತಿಂಗಳುಗಟ್ಟಲೆ ಬೆವರಬೇಕಾಗುವುದು ಇದಕ್ಕೇ.

ಚಕ್ರದ ಉರುಳುವ ತಡೆಯನ್ನು ಬಿಟ್ಟು ಗಾಳಿಯ ತಡೆಯನ್ನಷ್ಟೇ ಹಿಡಿಯೋಣ. ಹೋಗುವಾಗಲೂ ಬರುವಾಗಲೂ ಒಂದೇ ಶ್ರಮ ಹಾಕಿದ್ದೇವೆ ಎಂದು ಇಟ್ಟುಕೊಳ್ಳೋಣ. ಆಗ ಸಮೀಕರಣ ಹೀಗೆ:

ಹೋದ ವೇಗ × (ಹೋದ ವೇಗ + ಗಾಳಿಯ ವೇಗ)ದ ವರ್ಗ = ಬಂದ ವೇಗ × (ಬಂದ ವೇಗ − ಗಾಳಿಯ ವೇಗ)ದ ವರ್ಗ

ಹುಡುಗನ ಸಮಯ ತೆಗೆದುಕೊಳ್ಳಿ. ಹೋಗಲು 31 ನಿಮಿಷ 36 ಸೆಕೆಂಡ್, ಅಂದರೆ ಗಂಟೆಗೆ 18.99 ಕಿ.ಮೀ. ಬರಲು 20 ನಿಮಿಷ 16 ಸೆಕೆಂಡ್, ಅಂದರೆ 29.6 ಕಿ.ಮೀ. ಎರಡೂ ಬದಿಯ ವರ್ಗಮೂಲ ತೆಗೆದು ಬಿಡಿಸಿದರೆ ಗಾಳಿಯ ವೇಗ ಗಂಟೆಗೆ ಸುಮಾರು 8 ಕಿ.ಮೀ. ಬರುತ್ತದೆ. ನನ್ನ ಸಮಯಗಳನ್ನು ಹಾಕಿ ನೋಡಿದೆವು: ಅದೂ 8. ಬೇರೆ ಬೇರೆ ಕಾಲು, ಬೇರೆ ಬೇರೆ ಸೈಕಲ್, ಸಿಕ್ಕ ಗಾಳಿ ಒಂದೇ. ಲೆಕ್ಕದ ದಾರಿ ಸರಿಯಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಬೇಕಿರಲಿಲ್ಲ.

ಇನ್ನು ಕೊನೆಯ ಹೆಜ್ಜೆ. ಅದೇ ಶ್ರಮಕ್ಕೆ ಗಾಳಿ ಇಲ್ಲದ ದಿನ ಎಷ್ಟು ವೇಗ ಸಿಗುತ್ತಿತ್ತು? ಸಮೀಕರಣದ ಒಂದು ಬದಿಯ ಬೆಲೆ ಕಂಡುಹಿಡಿದು ಘನಮೂಲ ತೆಗೆದರಾಯಿತು. ಅವನಿಗೆ ಬಂದದ್ದು ಗಂಟೆಗೆ 24 ಕಿ.ಮೀ., ಅಂದರೆ 20 ಕಿ.ಮೀ.ಗೆ 50 ನಿಮಿಷ. ನನಗೆ ಬಂದದ್ದು 28.8 ಕಿ.ಮೀ., ಅಂದರೆ 41 ನಿಮಿಷ 40 ಸೆಕೆಂಡ್.

ಉತ್ತರ ಏನು ಹೇಳಿತು?

ಮೂರು ವಿಷಯಗಳು ಬೆಳಕಿಗೆ ಬಂದವು.

ಒಂದು: ಹುಡುಗ ಹಿಂದೆ ಬಿದ್ದಿರಲಿಲ್ಲ. ನವೆಂಬರ್‌ನ 51 ನಿಮಿಷ 20 ಸೆಕೆಂಡಿಗೆ ಹೋಲಿಸಬೇಕಾದದ್ದು 50 ನಿಮಿಷವನ್ನು. ಅವನು 1 ನಿಮಿಷ 20 ಸೆಕೆಂಡ್ ಮುಂದೆ ಬಂದಿದ್ದ. ಗಡಿಯಾರ ಸುಳ್ಳು ಹೇಳಿರಲಿಲ್ಲ; ಎಷ್ಟು ಹೊತ್ತಾಯಿತು ಎಂಬುದನ್ನಷ್ಟೇ ಹೇಳಿತ್ತು, ಯಾಕೆ ಎಂಬುದನ್ನು ಹೇಳಿರಲಿಲ್ಲ.

ಎರಡು: ನನ್ನ "ಒಂದೇ ಸಮನೆ ಪ್ರಗತಿ"ಯ ಕಥೆ ಬಿದ್ದುಹೋಯಿತು. ನವೆಂಬರ್‌ನಿಂದ ಡಿಸೆಂಬರ್‌ವರೆಗೆ ನಿಜವಾಗಿ ಇಳಿದದ್ದು 2 ನಿಮಿಷ 25 ಸೆಕೆಂಡ್. ಡಿಸೆಂಬರ್‌ನಿಂದ ಜನವರಿಗೆ ಇಳಿದದ್ದು ಬರೀ 5 ಸೆಕೆಂಡ್, ಅಂದರೆ ಇದ್ದಲ್ಲೇ ಇದ್ದೆ. ನಿಜವಾದ ಪ್ರಗತಿಯನ್ನು ಗಾಳಿ ಮರೆಮಾಡಿತ್ತು. ಪ್ರಗತಿ ನಿಂತುಹೋದ ವಾರಗಳಲ್ಲಿ ಗಾಳಿ ನಿಂತದ್ದೇ ಪ್ರಗತಿಯ ಹಾಗೆ ಕಾಣಿಸಿತ್ತು.

ಮೂರು: ಅದೇ ಗಾಳಿ ನನ್ನಿಂದ ಕಿತ್ತುಕೊಂಡದ್ದು 1 ನಿಮಿಷ 5 ಸೆಕೆಂಡ್, ಅವನಿಂದ 1 ನಿಮಿಷ 52 ಸೆಕೆಂಡ್. ನಿಧಾನದ ಸವಾರನಿಗೆ 8 ಕಿ.ಮೀ. ಗಾಳಿ ಅವನ ವೇಗದ ಮೂರನೇ ಒಂದು ಭಾಗ, ನನಗೆ ಅಷ್ಟಿಲ್ಲ. ಜೊತೆಗೆ ಅವನು ಎದುರು ಗಾಳಿಯಲ್ಲಿ ನನಗಿಂತ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಇದ್ದ. ಒಂದೇ ಗಾಳಿ ಎಲ್ಲರಿಗೂ ಒಂದೇ ಭಾರವಲ್ಲ.

ಹುಡುಗ ಸೈಕಲ್ ಬಿಡಲಿಲ್ಲ. ಜನವರಿಯ ಗಾಳಿಯಿಲ್ಲದ ಭಾನುವಾರ ಅವನ ಸಮಯ 49 ನಿಮಿಷ 50 ಸೆಕೆಂಡ್.

ದೊಡ್ಡವರ ಲೆಕ್ಕದಲ್ಲೂ ಇದೇ ಮಾತು

ಒಂದು ಗಂಟೆಯಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೆ ಎಂಬ ದಾಖಲೆ ಸೈಕಲ್ ಲೋಕದಲ್ಲಿ ಬಹಳ ಗೌರವದ್ದು. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ 49.431 ಕಿ.ಮೀ. ಕ್ರಮಿಸಿದರು. ಅದಕ್ಕೆ ಆರಿಸಿಕೊಂಡದ್ದು ಎತ್ತರದಲ್ಲಿರುವ ಮೆಕ್ಸಿಕೊ ನಗರವನ್ನು; ಅಲ್ಲಿ ಗಾಳಿಯ ಸಾಂದ್ರತೆ ಕಡಿಮೆ. 1996ರಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಕೈಗಳನ್ನು ಮುಂದಕ್ಕೆ ಚಾಚಿ ಮಲಗಿದಂತೆ ಕೂರುವ ಭಂಗಿಯಲ್ಲಿ 56.375 ಕಿ.ಮೀ. ಹೋದರು. ಆಮೇಲೆ ಮರ್ಕ್ಸ್ ಬಳಸಿದಂಥ ಸಾಧಾರಣ ಸೈಕಲ್ಲಿಗೇ ಬೇರೆ ದಾಖಲೆ ಎಂದಾಯಿತು. 2000ದಲ್ಲಿ ಅದೇ ಬೋರ್ಡ್‌ಮನ್ ಅಂಥ ಸೈಕಲ್ಲಿನಲ್ಲಿ ಹೋದದ್ದು 49.441 ಕಿ.ಮೀ., ಮರ್ಕ್ಸ್‌ಗಿಂತ ಬರೀ 10 ಮೀಟರ್ ಹೆಚ್ಚು. ಒಬ್ಬನೇ ಸವಾರ, ನಾಲ್ಕು ವರ್ಷಗಳ ಅಂತರ, ಸುಮಾರು 7 ಕಿ.ಮೀ. ವ್ಯತ್ಯಾಸ. ಅದರ ಬಹುಪಾಲು ಭಂಗಿಯದು, ಸೈಕಲ್ಲಿನದು. ಸಂದರ್ಭ ಬಿಟ್ಟು ಸಂಖ್ಯೆಯನ್ನು ಓದಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಎಚ್ಚರಿಕೆಯ ಒಂದು ಮಾತು

ಗಾಳಿಯ ತಡೆ ಇಷ್ಟು ದೊಡ್ಡದೆಂದು ತಿಳಿದ ಮೇಲೆ ಕೆಲವರಿಗೆ ಒಂದು ಯೋಚನೆ ಬರಬಹುದು: ಲಾರಿಯ ಹಿಂದೆ ಸೇರಿಕೊಂಡರೆ? ನಮ್ಮ ಸೀಮೆಯಲ್ಲಿ ಅದಿರು ಲಾರಿಗಳಿಗೆ ಬರವಿಲ್ಲ. ಲಾರಿಯ ಹಿಂದೆ ಗಾಳಿ ಇರುವುದಿಲ್ಲ, ನಿಜ. ಆದರೆ ಚಾಲಕನಿಗೆ ನೀವು ಕಾಣುವುದಿಲ್ಲ, ನಿಮಗೆ ಮುಂದಿನ ರಸ್ತೆ ಕಾಣುವುದಿಲ್ಲ. ಅವನು ಬ್ರೇಕ್ ಹಾಕಿದರೆ ನಿಮಗೆ ಸಿಗುವ ಸಮಯ ಒಂದು ಸೆಕೆಂಡೂ ಇಲ್ಲ. ಹಾಗೆ ಸಿಕ್ಕ ಸಮಯ ಟೈಂ ಟ್ರಯಲ್‌ನ ಸಮಯವೂ ಅಲ್ಲ, ನಿಮ್ಮದೂ ಅಲ್ಲ. ಅದಿರು ಸಾಗುವ ದಾರಿ ಬಿಡಿ, ಹೆಲ್ಮೆಟ್ ಹಾಕಿ, ಇಬ್ಬರಾಗಿ ಹೋಗಿ, ಮನೆಯಲ್ಲಿ ಹೇಳಿ ಹೋಗಿ. ರಸ್ತೆಯಲ್ಲಿ ಜನ, ಕುರಿ, ಎತ್ತಿನಗಾಡಿ ಅಡ್ಡ ಬಂದರೆ ನಿಲ್ಲಿಸಿ. ಆ ದಿನದ ಲೆಕ್ಕದ ಪಕ್ಕದಲ್ಲಿ "ನಿಂತೆ" ಎಂದು ಬರೆದರೆ ಸಾಕು.

ಅಂಕಪಟ್ಟಿಯ ಗಾಳಿ

ನಿಮ್ಮ ಕಿರುಪರೀಕ್ಷೆ, ಮಧ್ಯವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆಗಳ ಅಂಕಗಳನ್ನೂ ಹೀಗೇ ಓದಬೇಕು. ಒಂದು ಪ್ರಶ್ನೆಪತ್ರಿಕೆ ಕಠಿಣ, ಇನ್ನೊಂದು ಸುಲಭ. ಅದು ಆ ದಿನದ ಗಾಳಿ. 62 ಬಂದ ಕಠಿಣ ಪತ್ರಿಕೆ 68 ಬಂದ ಸುಲಭ ಪತ್ರಿಕೆಗಿಂತ ಒಳ್ಳೆಯ ಸುದ್ದಿಯಾಗಿರಬಹುದು. ಗಾಳಿಯನ್ನು ತಿಳಿಯಲು ಅದೇ ಪತ್ರಿಕೆ ಬರೆದ ಇಡೀ ತರಗತಿಯ ಅಂಕ ನೋಡಿ. ಹಾಗೆಂದು ಎಲ್ಲದಕ್ಕೂ ಗಾಳಿಯನ್ನೇ ದೂರುವಂತಿಲ್ಲ. ನನ್ನ ಜನವರಿಯ ಲೆಕ್ಕ ನೋಡಿದಿರಲ್ಲ, ಗಾಳಿಯನ್ನು ಕಳೆದ ಮೇಲೆ ಉಳಿದದ್ದು 5 ಸೆಕೆಂಡ್ ಮಾತ್ರ. ಪ್ರಾಮಾಣಿಕ ಲೆಕ್ಕ ಎರಡೂ ಕಡೆ ಕೊಯ್ಯುತ್ತದೆ. ಶಿಕ್ಷಕರಾದ ನಾವು ಮೂರನೆಯ ವಿಷಯವನ್ನೂ ನೆನಪಿಡಬೇಕು: ಕಠಿಣ ಪತ್ರಿಕೆ ಹಿಂದಿರುವ ವಿದ್ಯಾರ್ಥಿಯಿಂದಲೇ ಹೆಚ್ಚು ಕಸಿಯುತ್ತದೆ. ಅವನು ಕೈಚೆಲ್ಲುವ ಮೊದಲು ಅವನ ಜೊತೆ ಕೂತು ಲೆಕ್ಕ ಹಾಕುವ ಕೆಲಸ ನಮ್ಮದು.

ಅಭ್ಯಾಸಕ್ಕೆ

1. ಒಬ್ಬ ವಿದ್ಯಾರ್ಥಿನಿ 6 ಕಿ.ಮೀ. ದೂರದ ಕಾಲೇಜಿಗೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗಿ, 30 ಕಿ.ಮೀ. ವೇಗದಲ್ಲಿ ಹಿಂತಿರುಗುತ್ತಾಳೆ. ಅವಳ ಸರಾಸರಿ ವೇಗವೆಷ್ಟು? (ಉತ್ತರ: ಗಂಟೆಗೆ 24 ಕಿ.ಮೀ.)

2. ಗಾಳಿ ಇಲ್ಲದ ದಿನ ವೇಗವನ್ನು ಗಂಟೆಗೆ 24ರಿಂದ 28.8 ಕಿ.ಮೀ.ಗೆ ಏರಿಸಲು ಎಷ್ಟು ಪಟ್ಟು ಸಾಮರ್ಥ್ಯ ಬೇಕು? (ಉತ್ತರ: ಸುಮಾರು 1.73 ಪಟ್ಟು)

3. ನನ್ನ ಡಿಸೆಂಬರ್‌ನ ಎರಡು ಸಮಯಗಳಿಂದ ಗಾಳಿಯ ವೇಗವನ್ನು ನೀವೇ ಕಂಡುಹಿಡಿಯಿರಿ. ಸೈಕಲ್ಲಿನಲ್ಲಿ ಕಾಲೇಜಿಗೆ ಬರುವವರು ಒಂದು ವಾರ ಹೋಗುವ ಸಮಯ, ಬರುವ ಸಮಯ ಎರಡನ್ನೂ ಬರೆದಿಟ್ಟು ತನ್ನಿ. ತರಗತಿಯಲ್ಲಿ ಕೂತು ಲೆಕ್ಕ ಹಾಕೋಣ.