ಹಳೇ ಮನೆಗೆ ಹೊಸ ಎಂಸಿಬಿ: ಎಲ್ಲಿಂದ ಶುರು ಮಾಡಬೇಕು?

ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ದುಡ್ಡು ಕೈಸೇರಿದ ಮೇಲೆ ಮನೆ ರಿಪೇರಿ ಶುರುವಾಗುತ್ತದೆ. ಗೋಡೆಗೆ ಪುಟ್ಟಿ, ನೆಲಕ್ಕೆ ಟೈಲ್ಸ್, ಆಮೇಲೆ ಹಳೇ ಪಿಯಾನೋ ಸ್ವಿಚ್ಚು ಕಿತ್ತು ಮಾಡ್ಯುಲರ್ ಸ್ವಿಚ್ಚು. ಜಗುಲಿ ಮೂಲೆಯ ಮೈನ್ ಬೋರ್ಡನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಕಬ್ಬಿಣದ ಮೈನ್ ಸ್ವಿಚ್ಚು, ಬಿಳಿ ಪಿಂಗಾಣಿ ಫ್ಯೂಸು, ಅದರೊಳಗೆ ಎರಡು ಮೂರು ಎಳೆ ಹೊಸೆದು ಕಟ್ಟಿದ ತಾಮ್ರದ ತಂತಿ ಹಾಗೇ ಉಳಿಯುತ್ತವೆ. ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳೇ ಮನೆಗಳಲ್ಲೂ ಇದೇ ಕತೆ. ಈ ಖರ್ಚಿನ ಕ್ರಮ ತಿರುಗುಮುರುಗಾಗಬೇಕು: ಮೊದಲು ಅರ್ಥಿಂಗ್, ಆಮೇಲೆ ಮೈನ್ ಬೋರ್ಡು, ಸ್ವಿಚ್ಚಿನ ಅಂದ ಕೊನೆಗೆ.

ಸ್ವಿಚ್ಚಿನಲ್ಲೂ ಸುಧಾರಣೆ ಆಗಿಲ್ಲವೆಂದಲ್ಲ. ಹರಿಯುವ ಕರೆಂಟನ್ನು ನಿಧಾನವಾಗಿ ಬಿಡಿಸಿದರೆ ಎರಡು ಲೋಹದ ತುದಿಗಳ ನಡುವೆ ಕಿಡಿ ಹೊತ್ತಿ ತುದಿ ಸುಡುತ್ತದೆ. ಅದಕ್ಕೇ 1884ರಲ್ಲಿ ಇಂಗ್ಲೆಂಡಿನ ಜಾನ್ ಹೆನ್ರಿ ಹೋಮ್ಸ್ ಸ್ಪ್ರಿಂಗಿನ ಬಲದಿಂದ ತಟ್ಟನೆ ಬಿಡಿಸುವ ಸ್ವಿಚ್ಚು ಮಾಡಿದ. ಇಂದಿಗೂ ಒತ್ತಿದಾಗ ಕೇಳುವ ‘ಟಕ್’ ಸದ್ದು ಅದರದೇ. ಸ್ವಿಚ್ಚು ಒತ್ತಿದಾಗ ಚರಚರ ಎಂದರೆ, ಮುಚ್ಚಳ ಬೆಚ್ಚಗಿದ್ದರೆ, ಪ್ಲಗ್ಗಿನ ಸುತ್ತ ಕಂದು ಕಲೆ ಬಿದ್ದಿದ್ದರೆ ಆ ಸ್ವಿಚ್ಚನ್ನು ಮಾತ್ರ ಇಂದೇ ಬದಲಿಸಿ. ಉಳಿದವು ಕಾಯಬಹುದು. ಮಕ್ಕಳಿರುವ ಮನೆಯಲ್ಲಿ ಸಾಕೆಟ್‌ ತೂತಿಗೆ ಒಳಮುಚ್ಚಳ ಇರುವುದನ್ನೇ ಕೇಳಿ ತನ್ನಿ.

ಫ್ಯೂಸು, ಎಂಸಿಬಿ, ಆರ್‌ಸಿಸಿಬಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಾಗ ಫ್ಯೂಸಿನ ಜಾಗಕ್ಕೆ ಬಂದ ಎಂಸಿಬಿ ಇನ್ನೂ ಹುಟ್ಟಿರಲಿಲ್ಲ. ಅದು 1920ರ ದಶಕದಲ್ಲಿ ಜರ್ಮನಿಯ ಹ್ಯೂಗೋ ಸ್ಟೋಟ್ಜ್ ಕಂಪನಿಯಲ್ಲಿ ರೂಪುಗೊಂಡಿತು. ಹೆಬ್ಬೆರಳಗಲದ ಆ ಡಬ್ಬಿಯೊಳಗೆ ಎರಡು ಕಾವಲುಗಳಿವೆ. ಲೋಡು ಹೆಚ್ಚಾಗಿ ತಂತಿ ಕಾಯತೊಡಗಿದರೆ ಎರಡು ಲೋಹ ಬೆಸೆದ ಪಟ್ಟಿ ಬಾಗಿ ನಿಧಾನಕ್ಕೆ ಟ್ರಿಪ್ ಮಾಡುತ್ತದೆ. ಶಾರ್ಟ್ ಆದರೆ ತಂತಿಸುರುಳಿಯ ಅಯಸ್ಕಾಂತ ಆ ಕ್ಷಣವೇ ಎಳೆಯುತ್ತದೆ. ಹೊತ್ತಿದ ಕಿಡಿಯನ್ನು ಒಳಗಿನ ಲೋಹದ ತಗಡುಗಳ ಸಾಲು ತುಂಡರಿಸಿ ಆರಿಸುತ್ತದೆ. ಗುಬುಟನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರೂ ಒಳಗೆ ಟ್ರಿಪ್ ಆಗಿಯೇ ತೀರುತ್ತದೆ. ಫ್ಯೂಸಿಗೆ ದಪ್ಪ ತಂತಿ ಕಟ್ಟಿ ಮೋಸ ಮಾಡುವ ನಮ್ಮ ಜಾಣತನ ಇಲ್ಲಿ ನಡೆಯದು.

ಆದರೆ ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮೈಯಲ್ಲಿ ಹರಿದು ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತರಲ್ಲೊಂದು ಪಾಲು ಸಾಕು. ಅಷ್ಟಕ್ಕೆ 16 ಆಂಪಿಯರ್‌ನ ಎಂಸಿಬಿ ಅಲುಗುವುದೂ ಇಲ್ಲ. ಮನುಷ್ಯನಿಗಾಗಿ ಇರುವುದು ಆರ್‌ಸಿಸಿಬಿ. ಬೆಳಗ್ಗೆ ಕಾಡಂಚಿಗೆ ಅಟ್ಟಿದ ದನವೆಲ್ಲ ಸಂಜೆ ಕೊಟ್ಟಿಗೆಗೆ ಬಂದವೇ ಎಂದು ಎಣಿಸುವ ಹಾಗೆ, ಅದು ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸು ಬಂತೇ ಎಂದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆಯಾದರೆ 0.3 ಸೆಕೆಂಡಿನೊಳಗೆ ಲೈನು ಕಡಿಯುತ್ತದೆ. ಸೋರಿಕೆ ಇದರ ಐದು ಪಟ್ಟಾದರೆ 0.04 ಸೆಕೆಂಡೇ ಸಾಕು. ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ಜಿಐ ತಂತಿಗೆ ಸವೆದ ವೈರು ತಾಗಿ ಆಗುವ ಸಾವುಗಳನ್ನು, ಆ ವೈರು ಮನೆಯ ಬೋರ್ಡಿನಿಂದಲೇ ಬಂದದ್ದಾದರೆ, ಇದು ತಡೆಯಬಲ್ಲದು. ಕಂಬದಿಂದ ಮೀಟರಿಗೆ ಬರುವ ಸರ್ವೀಸ್ ವೈರಿನ ಮೇಲೆ ಇದರ ಕೈ ನಡೆಯದು. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನೂ ಇದು ಉಳಿಸಲಾರದು, ಏಕೆಂದರೆ ಲೆಕ್ಕ ಸರಿಯಾಗಿಯೇ ಇರುತ್ತದೆ.

ಕೆಲಸದ ಕ್ರಮ

ಮೊದಲು ಲೋಡಿನ ಲೆಕ್ಕ. ಉಪಕರಣದ ಮೇಲಿನ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಸುಮಾರಾಗಿ ಆಂಪಿಯರ್ ಸಿಗುತ್ತದೆ. 2000 ವ್ಯಾಟ್‌ನ ಗೀಜರಿಗೆ 8.7, 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಗೆ 4.3, 500 ವ್ಯಾಟ್‌ನ ಮಿಕ್ಸಿಗೆ 2.2. ಮಂಜೂರಾದ ಲೋಡು ಎಷ್ಟೆಂದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಬಿಲ್ಲಿನಲ್ಲೇ ಇರುತ್ತದೆ. ಒಂದು ಕಿಲೋವ್ಯಾಟ್ ಬರೆಸಿಕೊಂಡು ಗೀಜರ್ ಹಾಕಿಸಿದ್ದರೆ ಲೋಡು ಹೆಚ್ಚಿಸಲು ಅರ್ಜಿ ಕೊಡಿ.

ಎರಡನೆಯದು ತಂತಿ. ಎಂಸಿಬಿ ಎಷ್ಟು ಆಂಪಿಯರ್‌ನದು ಎಂಬುದನ್ನು ಗೋಡೆಯೊಳಗಿನ ತಂತಿ ನಿರ್ಧರಿಸಬೇಕು, ನಮ್ಮ ಆಸೆಯಲ್ಲ. ತಾಮ್ರದ 1.5 ಚದರ ಮಿಲಿಮೀಟರ್ ತಂತಿಯ ಲೈಟು, ಫ್ಯಾನಿನ ಲೈನಿಗೆ 6 ಅಥವಾ 10 ಆಂಪಿಯರ್; 2.5ರ ಪವರ್ ಪ್ಲಗ್ಗಿನ ಲೈನಿಗೆ 16. ಪದೇ ಪದೇ ಟ್ರಿಪ್ ಆಗುತ್ತದೆಂದು 16 ತೆಗೆದು 32 ಹಾಕಿಸುವುದು ದಪ್ಪ ಫ್ಯೂಸ್ ತಂತಿಯ ಹಳೇ ಚಾಳಿಯೇ, ಬೇರೆ ವೇಷದಲ್ಲಿ. ಮರದ ಬ್ಯಾಟನ್ ಮೇಲೆ ಓಡಿಸಿದ ಹಳೇ ವೈರು ಬಗ್ಗಿಸಿದರೆ ಪುಡಿಯಾಗುತ್ತಿದ್ದರೆ ಎಂಸಿಬಿಗೂ ಮುಂಚೆ ಅದು ಬದಲಾಗಬೇಕು.

ಮೂರನೆಯದು ಖರೀದಿ. ಎಂಸಿಬಿ ಮೈಮೇಲೆ ‘ಸಿ16’ ಎಂಬಂಥ ಬರಹ ಇರುತ್ತದೆ. ‘ಬಿ’ ಆದರೆ ಮೂರರಿಂದ ಐದು ಪಟ್ಟು, ‘ಸಿ’ ಆದರೆ ಐದರಿಂದ ಹತ್ತು ಪಟ್ಟು ಕರೆಂಟಿಗೆ ಕೂಡಲೇ ಬೀಳುತ್ತದೆ. ಮಿಕ್ಸಿ, ಫ್ರಿಜ್ಜು, ನೀರೆತ್ತುವ ಮೋಟಾರು ಶುರುವಾಗುವಾಗ ಕರೆಂಟನ್ನು ಜಗ್ಗುವುದರಿಂದ ಆ ಲೈನಿಗೆ ‘ಸಿ’ ಸರಿ. ಚೌಕದೊಳಗೆ 10000 ಎಂದಿದ್ದರೆ ಶಾರ್ಟ್ ಆದಾಗ ಅಷ್ಟು ಆಂಪಿಯರ್‌ವರೆಗೆ ಸಿಡಿಯದೆ ಕಡಿಯಬಲ್ಲದು ಎಂದರ್ಥ. ಸ್ವಿಚ್ಚಿಗೆ ಐಎಸ್ 3854, ಆರ್‌ಸಿಸಿಬಿಗೆ ಐಎಸ್ 12640, ಎಂಸಿಬಿಗೆ ಐಎಸ್/ಐಇಸಿ 60898 ಸಂಖ್ಯೆಯ ಐಎಸ್‌ಐ ಗುರುತು ನೋಡಿ. ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಸಂಕೋಚ ಬೇಡ.

ನಾಲ್ಕನೆಯದು ಜೋಡಣೆ. ಇದನ್ನು ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಯಲ್ಲೇ ಮಾಡಿಸಿ. ಮೈನ್ ಆಫ್ ಮಾಡಿದರೂ ಮೀಟರಿನಿಂದ ಮೈನ್‌ವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಮೀಟರಿನ ಸೀಲು ಒಡೆಯುವ ಹಾಗಿಲ್ಲ. ಅಲ್ಲಿ ಲೈನ್ ಬಿಡಿಸಬೇಕಾದರೆ 1912ಕ್ಕೆ ಫೋನ್ ಮಾಡಿ ಅಥವಾ ಸೆಕ್ಷನ್ ಆಫೀಸಿಗೆ ಹೋಗಿ ಲೈನ್‌ಮನ್ ಕರೆಸಿ. ಯುಪಿಎಸ್ ಇರುವ ಮನೆಯಲ್ಲಿ ಅದನ್ನೂ ಆಫ್ ಮಾಡದೆ ಯಾರೂ ಬೋರ್ಡು ಬಿಚ್ಚಬಾರದು.

ನಿಂತು ನೋಡಬೇಕಾದ್ದು ಇಷ್ಟು: ಮೊದಲು ಎರಡೂ ತಂತಿ ಕಡಿಯುವ ಡಬಲ್ ಪೋಲ್ ಮೈನ್, ನಂತರ ಆರ್‌ಸಿಸಿಬಿ, ಅದರ ನಂತರ ಲೈನಿಗೊಂದು ಎಂಸಿಬಿ. ಹಳೇ ಬೋರ್ಡಿನಲ್ಲಿ ನ್ಯೂಟ್ರಲ್‌ಗೂ ಫ್ಯೂಸ್ ಇದ್ದರೆ ತೆಗೆಸಿ. ಅದೊಂದೇ ಹೋದಾಗ ಲೈಟು ಆರಿದರೂ ತಂತಿಯಲ್ಲಿ ಫೇಸು ಉಳಿದಿರುತ್ತದೆ. ಅರ್ಥ್ ತಂತಿಯನ್ನು ನೀರಿನ ಪೈಪಿಗೆ ಸುತ್ತಿ ಮುಗಿಸಿದರೆ ಒಪ್ಪಬೇಡಿ, ಗುಂಡಿ ತೋಡಿಸಿ. ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯ ‘ಟಿ’ ಗುಂಡಿ ಒತ್ತಿ, ಟಪ್ಪನೆ ಬೀಳಬೇಕು. ಆಮೇಲೆ ತಿಂಗಳಿಗೊಮ್ಮೆ ನೀವೇ ಒತ್ತಿ ನೋಡಿ. ಈ ಗುಂಡಿ ಅರ್ಥಿಂಗ್ ಚೆನ್ನಾಗಿದೆಯೇ ಎಂಬುದನ್ನು ಹೇಳುವುದಿಲ್ಲ.

ಬ್ಯಾರನ್ನು, ಪಂಪು, ಸಿಡಿಲು

ತಂಬಾಕು ಬೇಯಿಸುವ ಬ್ಯಾರನ್‌ಗೆ ತಾಗಿದ ಗೋಡೆಯ ಮೇಲೆ ಬೋರ್ಡು ಬೇಡ. ಎಂಸಿಬಿಯ ಲೆಕ್ಕವೆಲ್ಲ 30 ಡಿಗ್ರಿ ಬಿಸಿಗೆ ಹಾಕಿದ್ದು. ಕೊನೇ ಹಂತದಲ್ಲಿ ಬ್ಯಾರನ್ ಒಳಗೆ 70 ಡಿಗ್ರಿ ಮುಟ್ಟುತ್ತದೆ. ಕಾದ ಗೋಡೆಯ ಮೇಲಿನ ಎಂಸಿಬಿ ಲೋಡು ಮಿತಿ ಮೀರದಿದ್ದರೂ ಬೇಗ ಬೀಳುತ್ತದೆ, ನಾವು ಅದನ್ನು ಡೂಪ್ಲಿಕೇಟ್ ಎಂದು ಬಯ್ಯುತ್ತೇವೆ.

ಪಂಪ್‌ಸೆಟ್ಟಿನ ಮೋಟಾರನ್ನು ಎಂಸಿಬಿಯೊಂದೇ ಕಾಯಲಾರದು. ಮೂರರಲ್ಲಿ ಒಂದು ಫೇಸು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ಸುರುಳಿ ಸುಡುತ್ತದೆ. ಸ್ಟಾರ್ಟರ್ ಡಬ್ಬಿಯಲ್ಲಿ ಓವರ್‌ಲೋಡ್ ರಿಲೇ ಮೋಟಾರಿನ ಆಂಪಿಯರ್‌ಗೆ ಸರಿಯಾಗಿ ತಿರುಗಿಸಿರಬೇಕು, ಸಿಂಗಲ್ ಫೇಸಿಂಗ್ ತಡೆಯುವ ಸಾಧನವೂ ಇರಬೇಕು. ಕರೆಂಟು ಬಂದ ಕೂಡಲೇ ತಾನೇ ಓಡಲೆಂದು ಇವನ್ನೆಲ್ಲ ಬೈಪಾಸ್ ಮಾಡಿಸಿದವರು ಉಳಿಸಿದ್ದಕ್ಕಿಂತ ಹೆಚ್ಚನ್ನು ವೈಂಡಿಂಗ್ ಅಂಗಡಿಗೆ ಕೊಟ್ಟಿರುತ್ತಾರೆ.

ಎಚ್.ಡಿ. ಕೋಟೆ ಕಡೆಯ ಮುಂಗಾರಿನ ಮುಂಚಿನ ಸಿಡಿಲಿಗೂ, ಲೈನಿನ ನ್ಯೂಟ್ರಲ್ ಕಡಿದು ಮನೆಗೆ ಏಕಾಏಕಿ ಹೆಚ್ಚು ವೋಲ್ಟೇಜ್ ನುಗ್ಗುವುದಕ್ಕೂ ಎಂಸಿಬಿ, ಆರ್‌ಸಿಸಿಬಿ ಎರಡೂ ಉತ್ತರವಲ್ಲ. ಸಿಡಿಲಿಗೆ ಸರ್ಜ್ ತಡೆಯುವ ಸಾಧನ, ವೋಲ್ಟೇಜಿಗೆ ವೋಲ್ಟೇಜ್ ರಿಲೇ ಬೇರೆಯೇ ಬೇಕು.

ಹೊಸ ಆರ್‌ಸಿಸಿಬಿ ಪದೇ ಪದೇ ಬಿದ್ದರೆ ‘ತೊಂದರೆ ಕೊಡುತ್ತದೆ’ ಎಂದು ಕಿತ್ತುಹಾಕಿಸುವವರೇ ಹೆಚ್ಚು. ಅದರ ಬದಲು ಎಲ್ಲ ಎಂಸಿಬಿ ಆಫ್ ಮಾಡಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಆರ್‌ಸಿಸಿಬಿ ಏರಿಸಿ. ನಂತರ ಒಂದೊಂದೇ ಎಂಸಿಬಿ, ಆಮೇಲೆ ಒಂದೊಂದೇ ಉಪಕರಣ. ಯಾವುದಕ್ಕೆ ಬೀಳುತ್ತದೋ ಸೋರಿಕೆ ಅಲ್ಲಿದೆ, ಹಲವು ಸಲ ಗೀಜರಿನ ಕಾಯಿಲ್ಲು ಅಥವಾ ನೀರು ಜಿನುಗುವ ಗೋಡೆಯ ಬೋರ್ಡು. ಮಳೆ ಬಂದಾಗ ಮಾತ್ರ ಬೀಳುತ್ತಿದ್ದರೆ ಹೊರಗಿನ ಲೈಟು, ಕೊಟ್ಟಿಗೆಯ ಲೈನು ನೋಡಿಸಿ. ಉಪಕರಣಗಳಲ್ಲಿ ಏನೂ ಸಿಗದಿದ್ದರೆ ಎರಡು ಲೈನಿನ ನ್ಯೂಟ್ರಲ್ ಅಥವಾ ಯುಪಿಎಸ್‌ನ ನ್ಯೂಟ್ರಲ್ ಎಲ್ಲೋ ಕೂಡಿಕೊಂಡಿರಬಹುದು. ಅದನ್ನು ಬೇರ್ಪಡಿಸುವ ಕೆಲಸ ವೈರಿಂಗ್ ಮಾಡಿದವರದ್ದು, ಬಾಕಿ ದುಡ್ಡು ಕೊಡುವ ಮುಂಚೆಯೇ ಮಾಡಿಸಿಕೊಳ್ಳಿ.